ರಾಣಿಯ ಪಿಯಾನೊ ಓಗೊಟ್ಟ ಕಥೆ

ಹತ್ತಿರ ಬನ್ನಿ ಮಕ್ಕಳೇ, ಬಾಗಿಲಿಗೆ ಬೆನ್ನು ಹಾಕಿ ಮಾತ್ರ ಕೂರಬೇಡಿ. ಏಳು ಕಣಿವೆಯಾಚೆ ಒಂದು ರಾಜ್ಯ. ಅಲ್ಲೊಬ್ಬ ದೊರೆ. ರಾಣಿ ನೀಲಾಂಬೆ ತೀರಿಕೊಂಡಿದ್ದಳು. ಅವಳು ನುಡಿಸುತ್ತಿದ್ದ ಹಳೇ ಪಿಯಾನೊ ಬಿಟ್ಟು ದೊರೆ ಕದಲುತ್ತಿರಲಿಲ್ಲ.

ಒಂದು ದಿನ ರಾಣಿಯ ಹರಳಿನ ಗೆಜ್ಜೆ ಕಳುವಾಯಿತು. ಅರಮನೆಯೆಲ್ಲ ಹುಡುಕಿದರು, ಸಿಗಲಿಲ್ಲ. ಅವತ್ತಿನಿಂದ ಶುರುವಾಯಿತು ನೋಡಿ! ದೊರೆ ಪಿಯಾನೊ ನುಡಿಸಿದ, ಒಳಗಿನಿಂದ ಘಲ್ ಅಂತು. ದಾಸಿ ಧೂಳು ಒರೆಸಿದಳು, ಘಲ್ ಅಂತು. ಬೆಕ್ಕು ಅದರ ಮೇಲೆ ನಡೆಯಿತು, ಘಲ್ ಅಂತು. ಬೆಕ್ಕು ಮತ್ತೆ ಆ ಕೋಣೆಗೆ ಕಾಲಿಡಲಿಲ್ಲ.

"ರಾಣಿಯವರ ಪ್ರೇತ, ಮಹಾಸ್ವಾಮಿ," ಅಂದ ಅರಮನೆ ಪಾರುಪತ್ಯಗಾರ ಭುಜಂಗರಾಯ. "ಈ ಪಿಯಾನೊನ ಸುಡುಗಾಡಲ್ಲಿ ಬಿಟ್ಟುಬರೋಣ. ನಾನೇ ಸಾಗಿಸ್ತೀನಿ." ಎಂಥ ಉಪಕಾರಿ ಪಾಪ!

ದೊರೆಗೆ ಮನಸ್ಸೊಪ್ಪಲಿಲ್ಲ. ಪಿಯಾನೊ ರಿಪೇರಿಯ ಮುದುಕ ಮೌನಾಚಾರಿಯನ್ನು ಕರೆಸಿದ. "ಸಂಜೆಯೊಳಗೆ ಇದನ್ನ ಉಳಿಸಿಕೊಡಪ್ಪ. ಇಲ್ಲದಿದ್ರೆ ಕಳಿಸಿಬಿಡ್ತೀನಿ."

ಆಚಾರಿ ಆ ತುದಿಯಿಂದ ಈ ತುದಿಗೆ ಒಂದೊಂದೇ ಸ್ವರ ಒತ್ತಿದ. ಒಂದೇ ಒಂದು ಸ್ವರಕ್ಕೆ ಘಲ್ ಅಂತು. ದೆವ್ವಕ್ಕೆ ಒಂದೇ ಸ್ವರದ ಮೇಲೇಕೆ ಪ್ರೀತಿ? ಮುಚ್ಚಳ ಎತ್ತಿ ಇಣುಕಿದ. ತಂತಿಗಳ ಕೆಳಗೆ ಏನೋ ಹೊಳೆಯಿತು. ಆಚಾರಿ ಏನೂ ಕಾಣದವನಂತೆ ದೊರೆಯತ್ತ ತಿರುಗಿದ.

"ರಾಣಿಯವರು ಒಳಗೇ ಇದಾರೆ, ಬುದ್ಧಿ. ಎಲ್ಲರೂ ಬಂದು ತಂತಮ್ಮ ಹೆಸರು ಕೂಗಲಿ. ಗೆಜ್ಜೆ ಕದ್ದವನ ದನಿ ಕೇಳಿದ್ರೆ ಒಳಕ್ಕೆ ಎಳ್ಕೊಂಡುಬಿಡ್ತಾರೆ!" ಎಂದು ಕೆಳಗಿನ ಪೆಡಲ್ ಅನ್ನು ಕಾಲಲ್ಲಿ ಅದುಮಿ ನಿಂತ.

"ಪುಟ್ಟತಾಯೀ!" ಅಡುಗೆಯವಳು ಕೂಗಿದಳು. ಒಳಗಿನಿಂದ ಅವಳದೇ ದನಿ ತಣ್ಣಗೆ ಬಂತು, "...ತಾಯೀ..."

"ಮಾರನಾಯ್ಕಾ!" ಕಾವಲಿನವನು ಕೂಗಿದ. "...ಆಯ್ಕಾ..."

ಮೂರನೆಯವ ಭುಜಂಗರಾಯ. ಬೆವರು ಇಳಿಯುತ್ತಿತ್ತು. ತುಟಿ ಅಲ್ಲಾಡಿತು, ದನಿ ಹೊರಡಲಿಲ್ಲ. ಪಿಯಾನೊ ಸುಮ್ಮನಿತ್ತು.

"ಪೆಡಲ್ ಒತ್ತಿದ್ರೆ ತಂತಿಗಳು ಯಾರು ಕೂಗಿದ್ರೂ ಓಗೊಡ್ತವೆ ಸ್ವಾಮಿ," ಎಂದ ಆಚಾರಿ. "ನೀವು ಕೂಗಲೇ ಇಲ್ವಲ್ಲ!" ಇಕ್ಕಳ ಹಾಕಿ ಗೆಜ್ಜೆ ಹೊರತೆಗೆದ. ಭುಜಂಗರಾಯ ದೊರೆಯ ಕಾಲಿಗೆ ಬಿದ್ದ. ಹುಡುಕಾಟದ ದಿನ ಅಲ್ಲಿ ಬಚ್ಚಿಟ್ಟಿದ್ದನಂತೆ, ಸುಡುಗಾಡಿನಲ್ಲಿ ತೆಗೆದುಕೊಳ್ಳುವ ಲೆಕ್ಕವಂತೆ. ಅವನನ್ನು ಸೆರೆಗೆ ಎಳೆದೊಯ್ದರು.

ಆಚಾರಿ ತಂತಿಗಳನ್ನೆಲ್ಲ ಬಿಗಿದು ಶ್ರುತಿ ಮಾಡಿದ. ದೊರೆ ಬಗ್ಗಿ ಮೆಲ್ಲಗೆ ಕರೆದ, "ನೀಲಾ..."

"...ನೀಲಾ..." ಅಂತು ಪಿಯಾನೊ. ದೊರೆ ಕಣ್ಣೊರೆಸಿಕೊಂಡ.

ಆಚಾರಿ ಮಾತ್ರ ಕೆಳಗೆ ನೋಡಿದ. ಯಾರ ಕಾಲೂ ಪೆಡಲ್ ಮೇಲೆ ಇರಲಿಲ್ಲ.

ಅದಕ್ಕೇ ಹೇಳೋದು ಮಕ್ಕಳೇ, ಕದ್ದವನಿಗೆ ತನ್ನ ದನಿಯೇ ಶತ್ರು. ಹಳೇ ವಸ್ತು ಸದ್ದು ಮಾಡಿದರೆ ದೆವ್ವ ಅಂತ ಎಸೆಯಬೇಡಿ, ಬಿಚ್ಚಿ ನೋಡಿ, ಸರಿಮಾಡಿ. ಆಮೇಲೂ ಅದು ಮಾತಾಡಿದರೆ ಕೈಮುಗಿದು ಕೇಳಿಸಿಕೊಳ್ಳಿ.