ಹಸಿರು ಮಿಡತೆಯ ವಂಶದ ತಪಸ್ಸು

ರಾಗಿ ಹೊಲದ ಹಸಿರು ಮಿಡತೆಗೆ ತನ್ನ ಬಣ್ಣದ ಮೇಲೆ ಬಲು ಹೆಮ್ಮೆ. ಬದುವಿನ ಮೇಲೆ ಗೊರವಂಕ ಬಂದು ಕೂತದ್ದೇ ತಡ, ಪೈರಿನೊಳಗಿಂದಲೇ ಶುರುಮಾಡಿತು: "ಅಕ್ಕಾ, ನಮ್ಮ ಹಿರಿಯರು ಕಂದು ಬಣ್ಣದವರು. ತಪಸ್ಸು ಮಾಡಿ ಹಸಿರಾದರು."

"ಮಾತು ಕೇಳಿಸುತ್ತಿದೆ, ನೀವು ಕಾಣಿಸುತ್ತಿಲ್ಲ," ಎಂದಿತು ಗೊರವಂಕ. "ತಪಸ್ಸನ್ನಂತೂ ನಾವು ಕಾಣೆವು. ಆಗ ನಿಮ್ಮಲ್ಲಿ ಕಂದೇ ಹೆಚ್ಚು, ಹಸಿರು ಹುಟ್ಟುತ್ತಿದ್ದದ್ದು ಅಲ್ಲೊಂದು ಇಲ್ಲೊಂದು. ಕಣ್ಣಿಗೆ ಬಿದ್ದವರನ್ನು ನಮ್ಮ ಹಿರಿಯರು ತಿಂದರು. ಬೀಳದವರು ಉಳಿದು ಮೊಟ್ಟೆಯಿಟ್ಟರು, ಮರಿಗಳಿಗೂ ಅದೇ ಬಣ್ಣ ಬಂತು. ಅಷ್ಟೇ ಸಮಾಚಾರ."

ಮಿಡತೆಗೆ ಮೈಯೆಲ್ಲ ಉರಿಯಿತು. ವಂಶದ ಸಾಧನೆಯನ್ನು ಹಕ್ಕಿಗಳ ಹೊಟ್ಟೆಗೆ ಬಿಟ್ಟುಕೊಡುವುದುಂಟೇ? "ಇಂಥ ಬಣ್ಣ ತಪಸ್ಸಿಲ್ಲದೆ ಬರುತ್ತದೆಯೇ, ನೀವೇ ನೋಡಿ ಹೇಳಿ," ಎನ್ನುತ್ತ ಪಕ್ಕದ ಒಣಹುಲ್ಲಿನ ಬಣವೆಯ ಮೇಲೆ ಹಾರಿ ಎದೆಯುಬ್ಬಿಸಿ ನಿಂತಿತು.

"ಈಗ ಚೆನ್ನಾಗಿ ಕಾಣಿಸಿತು," ಎಂದ ಗೊರವಂಕ ಅದನ್ನು ಗುಳುಂ ಮಾಡಿತು.

ಆ ಹೊಲದಲ್ಲಿ ಈಗ ಉಳಿದಿರುವುದೆಲ್ಲ ಬಾಯಿ ಬಿಡದ ಮಿಡತೆಗಳ ಸಂತಾನ. ನಮ್ಮ ಹಿರಿಯರು ಮೌನವ್ರತ ಹಿಡಿದು ಈ ಗುಣ ಸಂಪಾದಿಸಿದರು ಎಂದು ಅವು ಮರಿಗಳಿಗೆ ಹೇಳಿಕೊಡುತ್ತವೆ, ಆದರೆ ಬಲು ಮೆಲ್ಲಗೆ.