ವೆಲ್ಡಿಂಗ್ ಮಾಡಿಸಿದ ಪಿನ್ನು

ಚಿತ್ರದುರ್ಗದ ಡ್ರಾಯಿಂಗ್ ಮೇಷ್ಟ್ರು ಓಬಳೇಶನಿಗೆ ಬೈಕಿನಲ್ಲಿ ಊರೂರು ಸುತ್ತುವ ಹುಚ್ಚು. ದೂರದ ಪ್ರಯಾಣಕ್ಕೆಂದೇ ಹೊಸ ಬೈಕು ಕೊಂಡ. ಸಾಮಾನಿನ ಪೆಟ್ಟಿಗೆಯನ್ನು ಹಿಂದಿನ ಸೀಟಿನ ಮೇಲೆ ಕೂರಿಸಲು ಕ್ಯಾರಿಯರ್ ಬೇಕಾಯಿತು. ಮೆಕ್ಯಾನಿಕ್ ಗಫಾರ್ ಸಾಬರು ಎರಡು ಬಗೆ ತೋರಿಸಿದರು.

“ಇದು ಬೋಲ್ಟು ಹಾಕಿ ಕೂರಿಸೋದು, ಬಿಚ್ಚೋಕೆ ಅರ್ಧ ದಿನ ಬೇಕು. ಇದಕ್ಕೆ ನಾಲ್ಕು ಪಿನ್ನು. ಎಳೆದ್ರೆ ಪೆಟ್ಟಿಗೆ ಸಮೇತ ಕೈಗೆ ಬರುತ್ತೆ, ಹಿಂದಿನ ಸೀಟು ಖಾಲಿ. ಯಾವ್ದು ಹಾಕ್ಲಿ ಮೇಷ್ಟ್ರೇ?”

ಓಬಳೇಶ ಪಿನ್ನಿನದನ್ನೇ ಆರಿಸಿದ. ಒಳ್ಳೆಯ ಆಯ್ಕೆಯೇ. ಆದರೆ ಮನೆಗೆ ಬಂದ ಮೇಲೆ ತಲೆಗೆ ಹುಳ ಹೊಕ್ಕಿತು. ನನ್ನ ಕೈಗೆ ಸುಲಭವಾಗಿ ಬರುವುದು ಕಳ್ಳನ ಕೈಗೂ ಬರುತ್ತದಲ್ಲ! ಮರುದಿನ ಬೇರೆ ಅಂಗಡಿಗೆ ಹೋಗಿ ನಾಲ್ಕೂ ಪಿನ್ನಿಗೆ ವೆಲ್ಡಿಂಗ್ ಮಾಡಿಸಿಬಿಟ್ಟ. ಬಿಚ್ಚಲು ಬರುವುದೇ ಬೇಕೆಂದು ತಂದು, ಬಿಚ್ಚದಂತೆ ಮಾಡಿಸಿದ ಜಾಣ ಇವನೊಬ್ಬನೇ ಇರಬೇಕು.

ಮೊದಲ ಪ್ರಯಾಣದಲ್ಲೇ, ಚಳ್ಳಕೆರೆ ದಾಟಿದ ಮೇಲೆ, ಬಯಲು ದಾರಿಯಲ್ಲಿ ಒಬ್ಬ ಮುದುಕ ಕೈ ಹಿಡಿದುಕೊಂಡು ಕೂತಿದ್ದ. ಕಂಬಳಿ ನೇಯುವ ಈರಜ್ಜ. ಬೇಲಿಯಲ್ಲಿ ಸಿಕ್ಕಿದ ಕುರಿಮರಿಯನ್ನು ಬಿಡಿಸುವಾಗ ಮಂಡಲದ ಹಾವು ಬೆರಳಿಗೆ ಕಚ್ಚಿತ್ತು.

“ಆಸ್ಪತ್ರೆಗೆ ಬಿಡಪ್ಪಾ,” ಅಂದ.

ಎಲ್ಲಿ ಕೂರಿಸುವುದು? ಹಿಂದಿನ ಸೀಟಿನ ಮೇಲೆ ಪೆಟ್ಟಿಗೆ ಬಂಡೆಯ ಹಾಗೆ ಕೂತಿದೆ. ಓಬಳೇಶ ಸ್ಪ್ಯಾನರಿನಿಂದ ತಿರುಚಿದ, ಕಲ್ಲಿನಿಂದ ಗುದ್ದಿದ. ಒಂದು ಪಿನ್ನೂ ಅಲುಗಲಿಲ್ಲ. ಫೋನಿಗೆ ಸಿಗ್ನಲ್ ಇಲ್ಲ. ಅಜ್ಜನನ್ನು ಒಬ್ಬನನ್ನೇ ಬಿಟ್ಟು ಹೋಗಲು ಮನಸ್ಸೂ ಬರಲಿಲ್ಲ. ಕೊನೆಗೆ ಹಾಲಿನ ಟೆಂಪೊ ಒಂದು ಸಿಗುವಷ್ಟರಲ್ಲಿ ಮುಕ್ಕಾಲು ಗಂಟೆ ಕಳೆದಿತ್ತು.

ಜೀವ ಉಳಿಯಿತು. ಎರಡು ಬೆರಳು ಉಳಿಯಲಿಲ್ಲ. “ಇನ್ನೂ ಸ್ವಲ್ಪ ಬೇಗ ತಂದಿದ್ದರೆ...” ಎಂದರು ಡಾಕ್ಟರು. ಓಬಳೇಶ ಮಂಚದ ಪಕ್ಕ ನಿಂತು ಪಿನ್ನಿನ ಕಥೆಯನ್ನೆಲ್ಲ ಹೇಳಿ ಅತ್ತೇಬಿಟ್ಟ. ಪಾಪ, ಕೆಟ್ಟವನಲ್ಲ, ಭಯಸ್ಥ.

“ಅಳಬ್ಯಾಡ ಮಗಾ,” ಎಂದ ಈರಜ್ಜ. “ನೀನು ನೋಡಿಯೂ ನೋಡದಂಗೆ ಹೋಗ್ಲಿಲ್ಲ, ಅಷ್ಟು ಸಾಕು. ಆದ್ರೆ ನನ್ನ ಮನೆಗೆ ಬಿಡಾಕೆ ನೀನೇ ಬರ್ಬೇಕು ನೋಡು.”

ಗಫಾರ್ ಸಾಬರು ಒಂದು ಮಾತೂ ಬೈಯದೆ ವೆಲ್ಡಿಂಗ್ ಕತ್ತರಿಸಿ ಕೊಟ್ಟರು. ಅಜ್ಜನನ್ನು ಆಸ್ಪತ್ರೆಯಿಂದ ಕಳಿಸಿದ ದಿನ ಓಬಳೇಶ ಪೆಟ್ಟಿಗೆಯನ್ನು ಮನೆಯಲ್ಲೇ ಬಿಟ್ಟು ಬಂದ. ಅಜ್ಜ ಹಿಂದಿನ ಸೀಟಿನಲ್ಲಿ ಕೂತು, ಬ್ಯಾಂಡೇಜು ಸುತ್ತಿದ ಕೈಯಿಂದ ಅವನ ಸೊಂಟ ಹಿಡಿದುಕೊಂಡ. ಮೂರೇ ಬೆರಳಿನ ಆ ಹಿಡಿತ ಓಬಳೇಶನಿಗೆ ದಾರಿಯುದ್ದಕ್ಕೂ ತಿಳಿಯುತ್ತಿತ್ತು.

ನೀತಿ: ಕಳೆದುಹೋದೀತೆಂಬ ಭಯಕ್ಕೆ ಎಲ್ಲವನ್ನೂ ಬಿಗಿದುಕೊಂಡವನ ಬಳಿ, ಕಷ್ಟದಲ್ಲಿರುವವರಿಗೆ ಕೊಡಲು ಜಾಗವೇ ಉಳಿಯುವುದಿಲ್ಲ. ಹೊರೆ ಹೊರುವುದು ತಪ್ಪಲ್ಲ. ಬೇಕಾದಾಗ ಇಳಿಸಲೂ ಬರಬೇಕು.