ಒಂದು ಲೋಟದ ಕೆಟಲ್

ಬೆಟ್ಟಕ್ಕೆ ಹೊರಡುವ ದಿನ ಮೂರು ಸಲ ಮುಂದಕ್ಕೆ ಹೋಯಿತು. ಮೂರು ಸಲವೂ ಕಾರಣ ಕೆಟಲ್.

ಕೇಳಿದವರು ನಕ್ಕರು. ಚಿಕ್ಕಲಿಂಗಯ್ಯನಿಗೆ ನಗು ಬರಲಿಲ್ಲ.

ಅವನು ಹೊಳೆದಂಡೆಯ ಒಂದು ಮಠಕ್ಕೆ ಬಂದು ಎರಡು ವರ್ಷವಾಗಿತ್ತು. ಅದಕ್ಕೆ ಮೊದಲು ಹೈಸ್ಕೂಲಿನ ಲ್ಯಾಬಿನಲ್ಲಿ ಅಟೆಂಡರ್ ಆಗಿದ್ದ. ಗಾಜಿನ ಸಾಮಾನು ತೊಳೆದು, ಮಕ್ಕಳಿಗೆ ಉಪ್ಪು ಸುಣ್ಣ ತೂಗಿಕೊಟ್ಟು, ಐವತ್ತರ ಹತ್ತಿರ ಬಂದವನು. ತೂಗಿ ನೋಡದೆ ಯಾವುದನ್ನೂ ನಂಬುತ್ತಿರಲಿಲ್ಲ.

ಮಠದ ಗುರುಗಳು ಶಾಂತಮಲ್ಲಯ್ಯನವರು. ವಯಸ್ಸು ಎಪ್ಪತ್ತೆಂಟು. ಆ ಕಡೆಯ ಜನ ಗುರುಗಳನ್ನು ‘ಬುದ್ಧಿ’ ಎಂದೇ ಕರೆಯುವುದು. ಲಿಂಗಯ್ಯನೂ ಹಾಗೇ ಕರೆಯುತ್ತಿದ್ದ.

ಅಯ್ಯನವರಿಗೆ ಉಳಿದಿದ್ದದ್ದು ಒಂದೇ ಆಸೆ. ಅವರ ಗುರುಗಳು ಕೂತಿದ್ದ ಗವಿ ಬೆಟ್ಟದ ಮೇಲಿತ್ತು. ಕಾಡಿನ ಹಾದಿಯಲ್ಲಿ ಮೂರು ದಿನದ ನಡಿಗೆ. ಅದನ್ನು ಇನ್ನೊಂದು ಸಲ ನೋಡಬೇಕು.

“ಮಳೆ ಹಿಡಿದ್ರೆ ಹಳ್ಳ ದಾಟೋಕಾಗಲ್ಲ. ಮುಂದಿನ ಬೇಸಿಗೆಗೆ ನಾನಿರಲ್ಲ,” ಎಂದಿದ್ದರು, ಸಾರಿಗೆ ಉಪ್ಪು ಕಡಿಮೆಯಾಗಿದೆ ಎನ್ನುವ ದನಿಯಲ್ಲಿ.

ಲಿಂಗಯ್ಯನಿಗೆ ಅವತ್ತು ಅನ್ನ ಸೇರಲಿಲ್ಲ.

ಹೋದ ಚಳಿಗಾಲದಿಂದ ಅಯ್ಯನವರ ಎದೆ ಸರಿಯಿರಲಿಲ್ಲ. ಕೆಮ್ಮು ಹತ್ತಿದರೆ ಬೇಗ ನಿಲ್ಲುತ್ತಿರಲಿಲ್ಲ. ಕಾಯಿಸಿದ ನೀರು ಬಿಟ್ಟು ಬೇರೆ ಕೊಡಬೇಡಿ ಎಂದು ಡಾಕ್ಟರು ಹೇಳಿದ್ದರು. ಕಾಡಿನಲ್ಲಿ ಸೌದೆಗೆ ಬೆಂಕಿ ಹಚ್ಚುವಂತಿಲ್ಲ. ಪುಟ್ಟದೊಂದು ಗ್ಯಾಸ್ ಒಲೆ ಸಿಕ್ಕಿತು. ಅದರ ಮೇಲಿಡುವ ಪಾತ್ರೆಯಾಗಬೇಕಿತ್ತು. ಜೊತೆಗೆ ಹೋಗುವವನು ಲಿಂಗಯ್ಯ ಒಬ್ಬನೇ.

ಮೊದಲು ಮಠದ ತಾಮ್ರದ ಚೆಂಬನ್ನೇ ಒಯ್ಯುವುದು ಎಂದಾಗಿತ್ತು. ಹೊರಡುವ ಹಿಂದಿನ ದಿನ ಲಿಂಗಯ್ಯ ಅದನ್ನು ತೂಗಿದ. ಏಳುನೂರು ಗ್ರಾಂ. ಚೆಂಬು ಹಿಡಿದುಕೊಂಡೇ ಅಯ್ಯನವರ ಬಳಿಗೆ ಹೋದ.

“ಬುದ್ಧಿ, ಇದು ಭಾರ ಆಯ್ತು. ಹಗುರದ್ದೊಂದು ಕೆಟಲ್ಲು ತರಿಸ್ತೀನಿ. ಒಂದ್ ವಾರ ತಡೀರಿ.”

“ಏಳುನೂರು ಗ್ರಾಂ ಹೊರೋಕಾಗಲ್ವೇನಪ್ಪ ನಿಂಗೆ?”

“ಹಂಗಲ್ಲ ಬುದ್ಧಿ. ದಾರೀಲಿ ನಿಮಗೆ ಕೈಲಾಗ್ದೆ ಹೋದ್ರೆ ನಾನೇ ಹೊತ್ಕೊಂಡು ಬರಬೇಕು. ಬೆನ್ನ ಮೇಲೆ ಬೇರೇನೂ ಭಾರ ಇರಬಾರ್ದು.”

ಅದಕ್ಕಾಗಿ ಆಗಲೇ ಅಯ್ಯನವರನ್ನು ನ್ಯಾಯಬೆಲೆ ಅಂಗಡಿಗೆ ಕರೆದುಕೊಂಡು ಹೋಗಿ, ತಕ್ಕಡಿಯ ಮೇಲೆ ನಿಲ್ಲಿಸಿಯೂ ಆಗಿತ್ತು. ಐವತ್ತೊಂದು ಕೆಜಿ.

“ಅಕ್ಕಿ ಮೂಟೆಗಿಂತ ಒಂದೇ ಕೆಜಿ ಜಾಸ್ತಿ. ಯಾರಿಗೆ ಮಾರ್ತೀಯ ನನ್ನ?” ಎಂದು ಅಯ್ಯನವರು ನಕ್ಕಿದ್ದರು. ಲಿಂಗಯ್ಯ ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದ.

ಕೊರಿಯರಿನವನು ದಿನ ಬಿಟ್ಟು ದಿನ ಮಠದ ಬಾಗಿಲಿಗೆ ಬರತೊಡಗಿದ.

ಸ್ಟೀಲಿನ ಕೆಟಲ್ ಬಂತು. ಗಟ್ಟಿಮುಟ್ಟಾಗಿತ್ತು, ಆದರೆ ಭಾರ. ಅಲ್ಯೂಮಿನಿಯಂನದು ಬಂತು. ಹಗುರವಾಗಿತ್ತು, ಆದರೆ ಅದರಲ್ಲಿ ಕಾಯಿಸಿದ್ದು ದೇಹಕ್ಕೆ ಒಳ್ಳೆಯದಲ್ಲ ಅಂತ ಯಾರೋ ಅಂದರು. ಯಾರೋ ಅಂದದ್ದು ಲಿಂಗಯ್ಯನಿಗೆ ಸಾಕಾಯಿತು. ಇನ್ನೊಂದರ ಹಿಡಿ ಕಾಯುತ್ತಿತ್ತು. ಮತ್ತೊಂದರ ಮುಚ್ಚಳ ಸರಿಯಾಗಿ ಕೂರುತ್ತಿರಲಿಲ್ಲ. ಬಂದ ದಾರಿಯಲ್ಲೇ ಎಲ್ಲವೂ ವಾಪಸ್ಸು ಹೋದವು.

ಕೊನೆಗೆ ಟೈಟಾನಿಯಂನದು ಬಂತು. ಒಂದು ಲೀಟರ್ ಹಿಡಿಯುವಂಥದ್ದು. ನೂರೈವತ್ತೈದು ಗ್ರಾಂ. ಲಿಂಗಯ್ಯ ಅದನ್ನು ಎರಡೂ ಕೈಯಲ್ಲಿ ಹಿಡಿದು ಅಯ್ಯನವರ ಮುಂದೆ ನಿಂತ.

“ಹಿಡ್ದು ನೋಡಿ ಬುದ್ಧಿ. ಕೈಯಲ್ಲಿ ಇದ್ಯೋ ಇಲ್ವೋ ಅನ್ನಬೇಕು.”

ಅಯ್ಯನವರು ಹಿಡಿದು ನೋಡಿದರು. ಆಮೇಲೆ ನಿಧಾನಕ್ಕೆ ಮೆಟ್ಟಿಲಿಳಿದು ಹೊಳೆಗೆ ಹೋದರು. ಕೆಟಲ್ಲನ್ನು ನೀರಲ್ಲಿ ಮುಳುಗಿಸಿ, ತುಂಬಿಸಿ ತಂದು, ಅವನ ಕೈಗಿಟ್ಟರು.

“ಈಗ ನೀನು ಹಿಡ್ದು ನೋಡು.”

ಲಿಂಗಯ್ಯನ ಮುಖ ಸಪ್ಪಗಾಯಿತು. ಇಪ್ಪತ್ತೈದು ವರ್ಷ ಲ್ಯಾಬಿನಲ್ಲಿ ಇದ್ದವನಿಗೆ ನೀರಿಗೂ ತೂಕವಿದೆ ಎಂಬುದು ಹೊಳೆದಿರಲಿಲ್ಲ. ಭಯ ಹೊಕ್ಕರೆ ಕಲಿತದ್ದೆಲ್ಲ ಹೀಗೇ ಮರೆತುಹೋಗುತ್ತದೆ.

ಅಯ್ಯನವರು ಏನು ಹೇಳಬೇಕೆಂದಿದ್ದರೋ ಏನೋ. ಲಿಂಗಯ್ಯ ಕಲಿತದ್ದು ಮಾತ್ರ ಬೇರೆ. ಹೆಚ್ಚು ನೀರು ಹಿಡಿದರೆ ಹೆಚ್ಚು ಭಾರ, ಹಾಗಾದರೆ ಎಲ್ಲಕ್ಕಿಂತ ಚಿಕ್ಕ ಕೆಟಲ್ಲೇ ಸರಿ ಎಂದು ಅವನು ತೀರ್ಮಾನಿಸಿದ. ಹೊರಡುವ ದಿನ ಎರಡನೆಯ ಸಲ ಮುಂದಕ್ಕೆ ಹೋಯಿತು.

ಚಿಕ್ಕದು ಬಂತು. ಎಪ್ಪತ್ತು ಗ್ರಾಂ. ಒಂದು ಲೋಟ ನೀರು ಹಿಡಿಯುತ್ತಿತ್ತು.

ಈಗಲಾದರೂ ಹೊರಡಬಹುದಿತ್ತು. ಆದರೆ ಲಿಂಗಯ್ಯ ಜಗಲಿಯ ಮೇಲೆ ಒಲೆ ಹಚ್ಚಿ, ಕೈಗಡಿಯಾರ ನೋಡುತ್ತ ಕೂತ. ನೀರು ಕುದಿಯಲು ಮೂರು ನಿಮಿಷ ಹತ್ತು ಸೆಕೆಂಡು ಬೇಕಾಯಿತು. ಗಾಳಿ ಬೀಸಿದಾಗ ಐದು ನಿಮಿಷ. ಅವನು ಮತ್ತೆ ಮತ್ತೆ ಕಾಯಿಸಿದ, ಮತ್ತೆ ಮತ್ತೆ ಬರೆದುಕೊಂಡ.

“ಐದು ನಿಮಿಷ ಬಹಳ ಆಯ್ತು ಬುದ್ಧಿ.”

“ಯಾವುದಕ್ಕೆ?”

ಲಿಂಗಯ್ಯ ನೋಟ್‌ಬುಕ್ಕು ಮುಚ್ಚಿದ. ಗಾಳಿಗೆ ಅಡ್ಡ ಇಡುವ ತಗಡೊಂದು ಬೇಕು ಅಂದ. ಅದು ಬರಲು ನಾಲ್ಕು ದಿನ. ಮೂರನೆಯ ಸಲವೂ ಹೀಗಾಯಿತು.

ಪಡುವಣಕ್ಕೆ ಮೋಡ ಕಾಣಿಸತೊಡಗಿತು. ಸಂಜೆ ಹೊತ್ತು ಮಣ್ಣಿನ ವಾಸನೆ ಬರುತ್ತಿತ್ತು. ಊರವರು ಮಳೆ ಬೇಗ ಬರಬಹುದು ಎಂದು ಖುಷಿಯಿಂದ ಮಾತಾಡಿಕೊಂಡರು. ಲಿಂಗಯ್ಯ ಮಾತ್ರ ದಿನಕ್ಕೆ ಹತ್ತು ಸಲ ಅಂಗಳಕ್ಕೆ ಬಂದು ಮೋಡ ನೋಡುತ್ತಿದ್ದ. ಮಳೆ ಬಂದರೆ ಅಯ್ಯನವರ ಆಸೆ ಹಾಗೇ ಉಳಿಯುತ್ತದೆ. ಬರದಿದ್ದರೆ ಅವರನ್ನು ಕರೆದುಕೊಂಡು ಹೊರಡಲೇಬೇಕು. ಎರಡರಲ್ಲಿ ಯಾವುದಕ್ಕೆ ಹೆಚ್ಚು ಹೆದರುತ್ತಿದ್ದಾನೆ ಎಂಬುದು ಅವನಿಗೇ ತಿಳಿಯುತ್ತಿರಲಿಲ್ಲ.

ತಗಡು ಬಂದ ದಿನ ಅಯ್ಯನವರೇ ಹೇಳಿದರು.

“ನಾಳೆ ಬೆಳಿಗ್ಗೆ ಹಿಂದುಗಡೆ ಗುಡ್ಡಕ್ಕೆ ಹೋಗೋಣ. ನಿನ್ನ ಕೆಟಲ್ಲು ಹೆಂಗಿದೆ ನೋಡೇಬಿಡೋಣ.”

ಗುಡ್ಡ ದೊಡ್ಡದಲ್ಲ. ಮೇಕೆಗಳು ಹತ್ತುವ ಹಾದಿ. ಆದರೂ ಲಿಂಗಯ್ಯ ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದ.

“ಸುಸ್ತಾಯ್ತಾ ಬುದ್ಧಿ?”

“ಇಲ್ಲ.”

ಮತ್ತೆ ಹತ್ತು ಹೆಜ್ಜೆ.

“ಈಗ?”

“ನಿನ್ನ ಮಾತು ಕೇಳಿ ಆಗ್ತಾ ಇದೆ.”

ಗುಡ್ಡದ ನೆತ್ತಿಯಲ್ಲಿ ಒಂದು ಬಂಡೆ. ಅಯ್ಯನವರು ಅದರ ಮೇಲೆ ಕೂತರು. ಲಿಂಗಯ್ಯ ಒಲೆ ಜೋಡಿಸಿ, ತಗಡು ಅಡ್ಡ ಇಟ್ಟು, ಬಾಟಲಿಯಿಂದ ನೀರು ಸುರಿದು ಕಾಯಿಸಿದ. ಕುದಿ ಬಂದ ಮೇಲೆ ಅಯ್ಯನವರ ಲೋಟಕ್ಕೆ ಬಗ್ಗಿಸಿ ಕೊಟ್ಟ. ಲೋಟ ತುಂಬಿತು. ಕೆಟಲ್ಲು ಖಾಲಿಯಾಯಿತು.

ಅಯ್ಯನವರು ಕುಡಿಯಲಿಲ್ಲ. ಲೋಟ ಹಿಡಿದುಕೊಂಡು ಅವನನ್ನೇ ನೋಡುತ್ತಿದ್ದರು.

“ಆರೋಗುತ್ತೆ, ಕುಡೀರಿ ಬುದ್ಧಿ.”

“ನಿನ್ನ ಲೋಟ ಎಲ್ಲಿ?”

“ತಂದಿಲ್ಲ.”

“ಬೆಟ್ಟದ ದಾರೀಲಿ?”

“ಅಲ್ಲಿಗೂ ಒಂದೇ ಲೋಟ ಬುದ್ಧಿ. ಗ್ಯಾಸು ಲೆಕ್ಕ ಹಾಕಿದೀನಿ. ನಿಮಗೆ ಸರಿಹೋಗುತ್ತೆ. ನಾನು ಹಳ್ಳದ ನೀರು ಕುಡ್ಕೋತೀನಿ.”

“ಹಳ್ಳದ ನೀರು ನಿನ್ನ ಹೊಟ್ಟೇಲಿ ಏನ್ ಮಾಡುತ್ತೆ?”

“ನಂದೇನು ಬಿಡಿ ಬುದ್ಧಿ.”

“ಎರಡನೇ ದಿನ ನೀನು ವಾಂತಿ ಭೇದಿ ಹಿಡ್ದು ಮಲಗಿದ್ರೆ ನಿನ್ನನ್ನ ಹೊರೋರು ಯಾರು? ನಾನಾ?”

ಲಿಂಗಯ್ಯ ಖಾಲಿ ಕೆಟಲ್ಲಿನ ಮುಚ್ಚಳ ತೆಗೆದು ಮತ್ತೆ ಹಾಕಿದ.

“ನಿನ್ನ ತೂಕ ಎಷ್ಟು ಹೇಳಪ್ಪ.”

ಲಿಂಗಯ್ಯನಿಗೆ ಗೊತ್ತಿರಲಿಲ್ಲ. ಅಕ್ಕಿ, ಬೇಳೆ, ಹೊದಿಕೆ, ಔಷಧಿ, ಟಾರ್ಚು, ಗುರು, ಎಲ್ಲರ ಎಲ್ಲದರ ತೂಕ ಅವನ ನೋಟ್‌ಬುಕ್ಕಿನಲ್ಲಿತ್ತು. ಅವನೊಬ್ಬ ಇರಲಿಲ್ಲ.

ಅಯ್ಯನವರು ನಗಲು ಹೋದರು. ನಗು ಕೆಮ್ಮಾಯಿತು. ಕೆಮ್ಮು ನಿಲ್ಲಲಿಲ್ಲ. ಕೈ ಅಲುಗಿ ಲೋಟದ ಬಿಸಿನೀರು ಅರ್ಧಕ್ಕರ್ಧ ಬಂಡೆಯ ಮೇಲೆ ಚೆಲ್ಲಿತು.

ಲೋಟದಲ್ಲಿ ಇನ್ನೂ ನೀರಿತ್ತು, ಅದು ಲಿಂಗಯ್ಯನಿಗೆ ಕಾಣಲಿಲ್ಲ. ಒಲೆಯತ್ತ ಓಡಿದ. ಕೆಟಲ್ಲಿಗೆ ನೀರು ಸುರಿದ, ಅರ್ಧ ಹೊರಗೇ ಹೋಯಿತು. ಬೆಂಕಿಕಡ್ಡಿ ಗೀರಿದ, ಮುರಿಯಿತು. ಇನ್ನೊಂದು ಗೀರಿದ, ಗಾಳಿಗೆ ಆರಿತು. ತಗಡು ಉರುಳಿ ಬಿತ್ತು.

“ಮೂರೇ ನಿಮಿಷ ಬುದ್ಧಿ, ಮೂರೇ ನಿಮಿಷ. ಆಯ್ತು, ಆಯ್ತು...”

ಒಲೆ ಹತ್ತಿತು. ಅವನು ಗಡಿಯಾರ ನೋಡಿದ, ಕೆಟಲ್ಲು ನೋಡಿದ, ಮತ್ತೆ ಗಡಿಯಾರ ನೋಡಿದ. ಅಯ್ಯನವರ ಕಡೆ ಮಾತ್ರ ತಿರುಗಿ ನೋಡಲಿಲ್ಲ. ನೋಡುವ ಧೈರ್ಯ ಅವನಿಗಿರಲಿಲ್ಲ.

ಅಷ್ಟರಲ್ಲಿ ಕೆಮ್ಮು ತಾನೇ ನಿಂತಿತ್ತು.

“ಲಿಂಗಯ್ಯ.”

“ಇನ್ನೊಂದೇ ನಿಮಿಷ ಬುದ್ಧಿ.”

“ಲಿಂಗಯ್ಯ, ಒಲೆ ಆರಿಸು. ಬಾ ಇಲ್ಲಿ.”

ಅವನು ಬಂದು ಬಂಡೆಯ ಕೆಳಗೆ ಕೂತ.

“ನಾನಂತೂ ನೀರು ಕೇಳ್ಲಿಲ್ಲ. ಮತ್ಯಾರು ಕೇಳಿದ್ರು ನಿನ್ನ?”

ಕೆಳಗೆ ಹೊಳೆಯಲ್ಲಿ ಯಾರೋ ಬಟ್ಟೆ ಒಗೆಯುವ ಸದ್ದು ಕೇಳುತ್ತಿತ್ತು.

“ಅವ್ವ,” ಎಂದ ಲಿಂಗಯ್ಯ.

“ಎಲ್ಲಿ?”

“ಆಸ್ಪತ್ರೇಲಿ. ಬೆಳಿಗ್ಗೆ ಹೊತ್ತು. ನೀರು ಕೊಡಪ್ಪ ಅಂದ್ಲು. ತಲೆದೆಸೇಲೇ ಬಾಟ್ಲಲ್ಲಿ ನೀರಿತ್ತು ಬುದ್ಧಿ. ತಣ್ಣಗಿತ್ತು. ಕೆಮ್ಮು ಜಾಸ್ತಿ ಆಗುತ್ತೆ, ಬಿಸಿನೀರೇ ತರ್ತೀನಿ ತಡಿಯವ್ವ ಅಂತ ಫ್ಲಾಸ್ಕು ತಗೊಂಡು ಕ್ಯಾಂಟೀನಿಗೆ ಹೋದೆ. ಅಲ್ಲಿ ಜನ ಇದ್ರು. ನೀರು ಆಗಷ್ಟೇ ಒಲೆ ಮೇಲೆ ಇಟ್ಟಿದ್ರು. ಕಾದೆ. ಕುದೀಲಿ ಅಂತ ಕಾದೆ.”

ಅಯ್ಯನವರು ಲೋಟವನ್ನು ಬಂಡೆಯ ಮೇಲಿಟ್ಟರು.

“ಫ್ಲಾಸ್ಕು ತುಂಬಿಸ್ಕೊಂಡು ಬಂದೆ. ಅವ್ವನ ಬಾಯಿ ತೆರೆದೇ ಇತ್ತು. ಮಗ ಅಂತ ಒಬ್ಬ ಇದ್ದೂ ಅವಳ ಬಾಯಿಗೆ ನೀರು ಬಿಡೋರಿರಲಿಲ್ಲ ಬುದ್ಧಿ.”

ಹೇಳಿ ಅವನು ಅತ್ತ. ಐವತ್ತರ ಹತ್ತಿರದ ಗಂಡಸು ಮೊಣಕಾಲಿಗೆ ಮುಖ ಒತ್ತಿಕೊಂಡು, ಸದ್ದು ಬಂದರೆ ಬರಲಿ ಎಂದು ಅತ್ತ. ಅಯ್ಯನವರು ಅವನ ಬೆನ್ನ ಮೇಲೆ ಕೈಯಿಟ್ಟು ಕೂತಿದ್ದರು.

ಅಳು ತಗ್ಗಿದ ಮೇಲೆ ಹೇಳಿದರು.

“ಹಂಗಾದ್ರೆ ಈ ಒಂದು ತಿಂಗಳು ನೀನು ನೀರು ಕಾಯಿಸೋಕೆ ಪಾತ್ರೆ ಹುಡುಕ್ತಿರಲಿಲ್ಲ.”

ಲಿಂಗಯ್ಯ ತಲೆಯೆತ್ತಿದ.

“ನಾನು ಸಾಯೋ ಹೊತ್ತಿಗೆ ನನ್ನ ಬಾಯಿಗೆ ನೀರು ಬಿಡೋಕೆ ಹುಡುಕ್ತಿದ್ದೆ ನೀನು.”

ಇಲ್ಲ ಎನ್ನಲು ಅವನು ಬಾಯಿ ತೆರೆದ. ಇಲ್ಲ ಎಂದು ಬರಲಿಲ್ಲ.

“ಹೌದು ಬುದ್ಧಿ. ಕಾಡಲ್ಲಿ ನಿಮಗೆ ಹೆಚ್ಚುಕಮ್ಮಿ ಆದ್ರೆ ನಾನು ಮತ್ತೆ ಒಲೆ ಮುಂದೆ ಕಾಯ್ತಾ ಕೂತಿರ್ತೀನಿ. ನಂಗೆ ಅದೇ ಕಾಣುತ್ತೆ. ಕಣ್ಣು ಮುಚ್ಚಿದ್ರೂ ಅದೇ. ಅದಕ್ಕೇ ದಿನಾನೂ ಏನಾದ್ರೂ ಒಂದು ನೆಪ ಹುಡುಕಿದೆ. ನಿಮ್ಮ ಆಸೆಗೆ ನಾನೇ ಅಡ್ಡ ನಿಂತೆ. ತಪ್ಪಾಯ್ತು ಬುದ್ಧಿ.”

ಅಯ್ಯನವರು ಅವನ ಬಲಗೈ ಹಿಡಿದು ಹತ್ತಿರಕ್ಕೆಳೆದರು. ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಅಂಗೈಯನ್ನು ಮೇಲೆ ಮಾಡಿದರು. ಲೋಟದಲ್ಲಿ ಉಳಿದಿದ್ದ ನೀರನ್ನು ಅದಕ್ಕೆ ಸ್ವಲ್ಪ ಬಗ್ಗಿಸಿದರು. ನೀರು ಆಗಲೇ ಆರಿಹೋಗಿತ್ತು.

ಗುರು ಶಿಷ್ಯನ ಕೈಯಿಂದ ಕುಡಿಯುವ ಪದ್ಧತಿ ಆ ಮಠದಲ್ಲಿ ಇಲ್ಲ. ಲಿಂಗಯ್ಯ ಗಾಬರಿಯಾಗಿ ಕೈ ಹಿಂದಕ್ಕೆ ತೆಗೆಯಲು ನೋಡಿದ. ಅಯ್ಯನವರು ಬಿಡಲಿಲ್ಲ. ಬಗ್ಗಿ, ಅವನ ಅಂಗೈಗೆ ತುಟಿ ಹಚ್ಚಿ, ಆ ನೀರನ್ನು ಪೂರ್ತಿ ಕುಡಿದರು.

ಮುಖ ಒರೆಸಿಕೊಂಡು ಎದ್ದು ನಿಂತರು. ಪಡುವಣದ ಮೋಡವನ್ನು ಒಮ್ಮೆ ನೋಡಿದರು.

“ಬಾಯಿಗೆ ಬಿಡೋ ನೀರಿಗೆ ಇಷ್ಟು ಸಾಕು ಕಣಪ್ಪ. ಇಬ್ಬರಿಗೂ ಆಗೋ ಆ ಲೀಟರಿನ ಕೆಟಲ್ಲೇ ತಗೋ, ನಾಳೆ ಹೊರಡೋಣ.”